ವಿದ್ಯಾಸ್ಥಾನದಲ್ಲಿ ದ್ವೇಷವಾಕ್ಯ

ಗೌತಮಮುನಿಯ ನ್ಯಾಯಸೂತ್ರಗಳನ್ನು ಈಗ ಓದುವವರು ವಿರಳ. ಓದಿದವರಲ್ಲಿಯೂ ಅದನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಬೇಕಾದ ಒಣ ಪಟ್ಟಿಯೆಂದು ತಿಳಿದವರೇ ಹೆಚ್ಚು. ಆದರೆ ಕಾಲೇಜಿನ ಅಂಗಳದಲ್ಲಿ ಒಬ್ಬ ವಿದ್ಯಾರ್ಥಿಯು ಇನ್ನೊಬ್ಬನ ಜಾತಿಯನ್ನೋ ಮತವನ್ನೋ ಹಿಡಿದು ಹೀನವಾಗಿ ನುಡಿದಾಗ ಅಧ್ಯಾಪಕನಾದವನು ಏನು ಮಾಡತಕ್ಕದ್ದೆಂಬ ಪ್ರಶ್ನೆಗೆ ಅನೇಕ ಸುತ್ತೋಲೆಗಳಿಗಿಂತ ಆ ಪಟ್ಟಿಯೇ ಹೆಚ್ಚು ನೆರವಾಗುವಂತಿದೆ. ಕನ್ನಡನಾಡಿನಲ್ಲಿ ಈ ಪ್ರಶ್ನೆಯು ಬಹು ತೀಕ್ಷ್ಣವಾಗಿ ಎದ್ದದ್ದು ಸಾಹಿತ್ಯವಿಮರ್ಶೆಯ ಒಂದು ಮಾತಿನಿಂದಲೇ ಎಂಬುದು ವಿಚಾರಾರ್ಹವಾಗಿದೆ.

1973ರ ನವೆಂಬರಿನಲ್ಲಿ, ಆಗ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂದರು. ಬೂಸಾ ಎಂದರೆ ದನಕ್ಕೆ ಇಡುವ ಹೊಟ್ಟು. ಮಾತು ಒರಟಾದುದೇ ಸರಿ. ಗ್ರಂಥಗಳ ಹೆಸರೆತ್ತದೆ, ಗುಣದೋಷಗಳನ್ನು ಬಿಡಿಸಿ ತೋರದೆ ಒಂದು ವಾಙ್ಮಯವನ್ನು ಹೀಗೆ ತೂರಿಬಿಡುವುದು ಒಳ್ಳೆಯ ವಿಮರ್ಶೆಯೂ ಅಲ್ಲ. ಆದರೆ ಅದಕ್ಕೆ ಬಂದ ಉತ್ತರವೇನು? ವಿದ್ಯಾರ್ಥಿಗಳ ಗುಂಪುಗಳು ಬೀದಿಗಿಳಿದುವು. ದಲಿತ ವಿದ್ಯಾರ್ಥಿಗಳ ಮೇಲೆಯೂ ಅವರ ನಿಲಯಗಳ ಮೇಲೆಯೂ ಆಕ್ರಮಣಗಳಾದುವು. ಕಡೆಗೆ ಮಂತ್ರಿಗಳ ಪದವಿಯೂ ಹೋಯಿತು. ಗೌತಮನು ಛಲವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಅವುಗಳಲ್ಲಿ ಲಕ್ಷಣೆಯಿಂದ ಆಡಿದ ಮಾತನ್ನು ವಾಚ್ಯಾರ್ಥದಲ್ಲಿ ಹಿಡಿದು ಖಂಡಿಸುವುದು ಉಪಚಾರಚ್ಛಲ. ಹೇಳಿದುದನ್ನು ಹೇಳದಷ್ಟು ದೂರಕ್ಕೆ ಹಿಗ್ಗಿಸಿ ಖಂಡಿಸುವುದು ಸಾಮಾನ್ಯಚ್ಛಲ. ಬಹುಭಾಗವೆಂದುದನ್ನು ಸಮಸ್ತವೆಂದೂ ಹೊಟ್ಟೆಂಬುದನ್ನು ತಾಯ್ನುಡಿಗೆ ಬೈಗುಳವೆಂದೂ ತಿಳಿದ ಗುಂಪು ಈ ಎರಡರಲ್ಲಿಯೂ ಬಿದ್ದಿತು. ಪುಸ್ತಕವನ್ನು ಹೊಟ್ಟೆನ್ನಬಹುದು, ಪುಸ್ತಕಕ್ಕೆ ತನ್ನ ಯೋಗ್ಯತೆಯನ್ನು ತೋರಿಸಿ ಉತ್ತರ ಕೊಡುವ ಶಕ್ತಿಯಿದೆ. ಹುಟ್ಟನ್ನು ಹಳಿದರೆ ಹಳಿಸಿಕೊಂಡವನು ಏನೆಂದು ಉತ್ತರ ಕೊಟ್ಟಾನು? ವಿಮರ್ಶೆಗೂ ದ್ವೇಷವಾಕ್ಯಕ್ಕೂ ಇರುವ ಗಡಿ ಇಲ್ಲಿಯೇ ಇದೆ. (ಹುರುಳಿಲ್ಲದ ಪ್ರತ್ಯುತ್ತರಕ್ಕೆ ಗೌತಮನು ಇಟ್ಟ ಹೆಸರು ‘ಜಾತಿ’, ಅಂಥವನ್ನು ಆತ 24 ಎಣಿಸಿದ್ದಾನೆ. ವಾದದಲ್ಲಿ ಸೋತು ಎದುರಾಳಿಯ ಕುಲವನ್ನೆತ್ತುವವನು ಎರಡರ್ಥದಲ್ಲಿಯೂ ಜಾತಿಗೆ ಇಳಿದವನು.)

ಆ ಗದ್ದಲದಲ್ಲಿ ಕುವೆಂಪುರವರು ಬಸವಲಿಂಗಪ್ಪನವರ ಪಕ್ಷವಾಗಿ ಮಾತನಾಡಿದರು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದವರು, ಕನ್ನಡ ಸಾಹಿತ್ಯದ ಅಗ್ರಪೀಠದಲ್ಲಿ ಕುಳಿತವರು, ಆ ಮಾತಿನಿಂದ ಎಲ್ಲರಿಗಿಂತ ಹೆಚ್ಚು ನೊಂದುಕೊಳ್ಳಬಹುದಾಗಿದ್ದವರು ಅವರೇ. ಅವರು ಹಾಗೆ ನಿಂತುದರ ಬೆಲೆ ಅದರಿಂದ ಹೆಚ್ಚುತ್ತದೆ.

ನ್ಯಾಯಶಾಸ್ತ್ರದ 22 ನಿಗ್ರಹಸ್ಥಾನಗಳಲ್ಲಿ, ಎಂದರೆ ವಾದಿಯು ಸೋತನೆಂದು ತೀರ್ಮಾನಿಸುವ ಎಡೆಗಳಲ್ಲಿ, ಅಧ್ಯಾಪಕವರ್ಗವು ಕೈಗನ್ನಡಿಯಂತೆ ನೋಡಿಕೊಳ್ಳಬೇಕಾದವು ಕೆಲವಿವೆ. ಉತ್ತರ ತೋಚದೆ ನಿಲ್ಲುವುದು ಅಪ್ರತಿಭೆ. ಬೇರೆ ಕೆಲಸವಿದೆಯೆಂದು ಮಾತನ್ನು ಕಡಿದು ಎದ್ದುಹೋಗುವುದು ವಿಕ್ಷೇಪ. ಗಂಟೆ ಹೊಡೆಯಿತು, ಪಾಠ ಮುಗಿಯಬೇಕು ಎಂದು ಹಾಜರಿ ಪುಸ್ತಕವನ್ನು ತೆರೆಯುವ ಉಪನ್ಯಾಸಕನು ಇದಕ್ಕೆ ಉದಾಹರಣೆ. ನಿಮ್ಮವರೂ ಹಾಗೆಯೇ ಆಡಿಲ್ಲವೆ ಎಂದು ದೋಷವನ್ನು ಮರಳಿ ಹೊರಿಸುವುದು ಮತಾನುಜ್ಞೆ. ಹಾಗೆನ್ನುವವನು ತನ್ನ ದೋಷವನ್ನು ಒಪ್ಪಿಕೊಂಡಂತೆಯೇ. ಇವೆಲ್ಲಕ್ಕಿಂತ ಮುಖ್ಯವಾದುದು ಪರ್ಯನುಯೋಜ್ಯೋಪೇಕ್ಷಣ: ಆಕ್ಷೇಪಿಸಲೇಬೇಕಾದವನನ್ನು ಆಕ್ಷೇಪಿಸದೆ ಬಿಡುವುದು. ಸುಮ್ಮನಿರುವುದು ಮಧ್ಯಸ್ಥಿಕೆಯಲ್ಲ, ಅದೂ ಒಂದು ಸೋಲು ಎಂಬುದು ಶಾಸ್ತ್ರದ ಮತ. ಇದರ ಬೆನ್ನಿಗೇ ನಿರನುಯೋಜ್ಯಾನುಯೋಗ, ಎಂದರೆ ಆಕ್ಷೇಪಾರ್ಹನಲ್ಲದವನನ್ನು ಆಕ್ಷೇಪಿಸುವುದು, ಬರುತ್ತದೆ. ಒಗ್ಗದ ಅಭಿಪ್ರಾಯವನ್ನೆಲ್ಲ ದ್ವೇಷವೆಂದು ಗದರಿಸುವ ಅಧ್ಯಾಪಕನು ಈ ಎರಡನೆಯ ಗುಂಡಿಯಲ್ಲಿ ಬೀಳುತ್ತಾನೆ.

ಶಾಸ್ತ್ರಕ್ಕೆ ಒಂದು ಮಿತಿಯಿದೆ, ಅದನ್ನು ಮರೆಮಾಚಲಾಗದು. ವಾದವು ಗುರು, ಶಿಷ್ಯ, ಸಹಪಾಠಿ ಇವರೊಳಗೆ ತತ್ತ್ವನಿರ್ಣಯಕ್ಕಾಗಿ ನಡೆಯತಕ್ಕದ್ದೆಂದು ಅದು ಹೇಳುವಾಗ ಎಲ್ಲರೂ ಸಮಾಸನದಲ್ಲಿ ಕುಳಿತಿರುವರೆಂದು ಭಾವಿಸಿದೆ. ವಿರಾಜಪೇಟೆಯಂಥ ಊರಿನ ತರಗತಿಯಲ್ಲಿ ಕೊಡವ, ಅರೆಭಾಷೆ, ಮಲೆಯಾಳ, ಕೊಂಕಣಿ, ಎರವ ನುಡಿಗಳ ಮನೆಗಳಿಂದ ಬಂದ ಮಕ್ಕಳು ಒಂದೇ ಬೆಂಚಿನಲ್ಲಿರುತ್ತಾರೆ. ತೋಟದ ಲೈನುಮನೆಯಿಂದ ಮೊದಲಬಾರಿಗೆ ಕಾಲೇಜಿಗೆ ಬಂದ ಎರವರ ಹುಡುಗಿಯನ್ನು ಕುರಿತು ಹಿಂದಿನ ಸಾಲಿನಿಂದ ಒಂದು ಮಾತು ಹಾರಿದರೆ ಅವಳು ಪ್ರತಿವಾದಿಯಲ್ಲ, ಪೆಟ್ಟು ತಿಂದವಳು. ಅಲ್ಲಿ ಮೊದಲು ಬೇಕಾದುದು ತರ್ಕವಲ್ಲ. ಆ ಮಾತು ಈ ಕೊಠಡಿಗೆ ತಕ್ಕದ್ದಲ್ಲವೆಂದು ಎಲ್ಲರ ಎದುರಿಗೆ, ಆ ಗಳಿಗೆಯಲ್ಲಿಯೇ ಹೇಳುವುದು. ಬಳಿಕ ನೊಂದವಳನ್ನು ಕಂಡು ಮಾತನಾಡುವುದು. ಆಡಿದವನೊಡನೆ ವಾದ ಆಮೇಲೆ. ಬೆದರಿಕೆಯಾದರೆ, ಸಾರ್ವಜನಿಕರೆದುರು ಜಾತಿನಿಂದನೆಯಾದರೆ 1989ರ ದೌರ್ಜನ್ಯ ತಡೆ ಕಾಯಿದೆಯಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2012ರ ನಿಯಮಗಳಲ್ಲಿ ಸಮಾನಾವಕಾಶ ಘಟಕವನ್ನೂ ತಾರತಮ್ಯ ವಿರೋಧಿ ಅಧಿಕಾರಿಯನ್ನೂ ವಿಧಿಸಿತು. ಆದರೆ ದೂರಿನ ಕಾಗದವನ್ನು ಅತ್ತ ಕಳುಹಿಸಿ ಕೈತೊಳೆದುಕೊಳ್ಳುವುದು ವಿಕ್ಷೇಪದ ಹೊಸ ರೂಪವಾದೀತು.

ಸಾಹಿತ್ಯವು ಈ ವಿಷಯದಲ್ಲಿ ಏನು ಮಾಡಿದೆಯೆಂದು ನೋಡಿದರೆ ಕುವೆಂಪುರವರ ಎರಡು ನಾಟಕಗಳು ಎದುರಿಗೆ ಬರುತ್ತವೆ. 1944ರ ‘ಶೂದ್ರ ತಪಸ್ವಿ’ಯಲ್ಲಿ ರಾಮನ ಅಸ್ತ್ರವು ಶಂಬೂಕನಿಗೆ ಮಣಿದು, ಅವನನ್ನು ದೂರಿದ ಬ್ರಾಹ್ಮಣನನ್ನೇ ಅಟ್ಟುತ್ತದೆ. ಪುರಾಣಕಥೆಯನ್ನು ಹೀಗೆ ತಿರುಗಿಸಬಾರದೆಂದು ಮಾಸ್ತಿಯವರು ಆಕ್ಷೇಪಿಸಿದರು. ಕುವೆಂಪುರವರು ಸಮಾಧಾನ ಹೇಳಿದರು. ಇಬ್ಬರೂ ತಮ್ಮ ಮಾತನ್ನು ಬಿಡಲಿಲ್ಲ, ಯಾರ ಮನೆಗೂ ಕಲ್ಲು ಬೀಳಲಿಲ್ಲ. ವಾದವೆಂದರೆ ಅದು. ನಾಟಕದ ದೃಷ್ಟಿಯಿಂದ ಹೇಳುವುದಾದರೆ ಅಲ್ಲಿ ಒಂದು ಕೊರತೆಯಿದೆ: ಮನುಷ್ಯನು ಮಾಡಬೇಕಾದ ಕೆಲಸವನ್ನು ಬಾಣವು ಮಾಡಿಬಿಡುತ್ತದೆ. ಕಾಲೇಜಿನ ಅಂಗಳದಲ್ಲಿ ಅಂಥ ಬಾಣ ಸಿಕ್ಕುವುದಿಲ್ಲ.

1947ರ ‘ಬೆರಳ್‌ಗೆ ಕೊರಳ್’ ಈ ಕಾರಣದಿಂದಲೇ ಮೇಲಾದ ಕೃತಿ. ಅಲ್ಲಿ ದೋಷಿಯೂ ಗುರುವೇ, ದೋಷವನ್ನು ಅರಿಯಬೇಕಾದವನೂ ಗುರುವೇ. ಭಾರತದ ಆದಿಪರ್ವದಲ್ಲಿ ನಿಷಾದನೆಂಬ ಕಾರಣಕ್ಕೆ ಶಿಷ್ಯನನ್ನು ಹಿಂದಿರುಗಿಸಿ, ಮುಂದೆ ಪ್ರಿಯಶಿಷ್ಯನ ಅಸೂಯೆಗೆ ಸೋತು ಹೆಬ್ಬೆರಳನ್ನು ಬೇಡಿದ ದ್ರೋಣನ ಕಥೆಗೆ ಕುವೆಂಪುರವರು ಹೊಸ ಬಾಣವನ್ನು ತರದೆ ಕರ್ಮದ ಲೆಕ್ಕವನ್ನು ತಂದರು: ಬೆರಳನ್ನು ಪಡೆದವನು ಕೊರಳನ್ನು ತೆರಬೇಕು. ದ್ರೋಣನು ಏಕಲವ್ಯನನ್ನು ಬೈದವನಲ್ಲ; ಬೈಯದೆಯೇ ಕೆಡಿಸಿದನು. ಅಧ್ಯಾಪಕರ ಕೊಠಡಿಯಲ್ಲಿ ಕುಳಿತು ಓದುವವರಿಗೆ ಈ ಭಾಗವು ಹಿತವಾಗಲಾರದು.

ಚಿಕ್ಕ ನಾಟಕವಾದುದರಿಂದ ನಮ್ಮ ಜಿಲ್ಲೆಯ ಕಾಲೇಜುಗಳು ವಾರ್ಷಿಕೋತ್ಸವದಲ್ಲಿ ಅದನ್ನು ಸುಲಭವಾಗಿ ಆಡಬಹುದು. ಸರಳರಗಳೆಯ ನಡೆಯೂ ಹಳಗನ್ನಡದ ಬನಿಯೂ ಎಳೆಯರ ನಾಲಗೆಗೆ ತೊಡಕಾದಾವು. ಎರಡು ವಾರ ಅಧ್ಯಾಪಕರೇ ಜೊತೆಗೆ ಕುಳಿತು ಗಟ್ಟಿಯಾಗಿ ಓದಿಸಬೇಕಾಗುವುದು. ದ್ರೋಣನ ಪಾತ್ರವನ್ನು ಹುಡುಗರಿಗೆ ಕೊಡದೆ ಉಪನ್ಯಾಸಕರೊಬ್ಬರೇ ವಹಿಸಿದರೆ ಇನ್ನೂ ಲೇಸು.