ವಕೀಲನಿಲ್ಲದ ಕಾದಂಬರಿ

ಹೋದ ಸಲ ಊರಿಗೆ ಹೊರಟಾಗ ಬ್ಯಾಗಿನಲ್ಲಿ ಒಂದು ಹಳೇ ಇಂಗ್ಲಿಷ್ ಕಾದಂಬರಿ ಇಟ್ಟುಕೊಂಡಿದ್ದೆ. ಫಿಲಿಪ್ ಮೆಡೋಸ್ ಟೇಲರ್ ಬರೆದ ‘ಕನ್ಫೆಷನ್ಸ್ ಆಫ್ ಎ ಠಗ್’. 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದು. ಹೈದರಾಬಾದಿನಿಂದ ಹುಮನಾಬಾದಿಗೆ ಬರುವ ಬಸ್ಸಿನಲ್ಲಿ ಅದನ್ನು ಓದೋದಕ್ಕೆ ಒಂದು ಬೇರೆಯೇ ಮಜಾ ಇದೆ. ದಾರಿಹೋಕರನ್ನು ನಂಬಿಸಿ, ಜೊತೆಯಲ್ಲಿ ನಾಲ್ಕು ದಿನ ನಡೆದು, ಕೊನೆಗೆ ರುಮಾಲಿನಿಂದ ಕತ್ತು ಬಿಗಿದು ಕೊಲ್ಲುವ ಕಥೆ. ಕಿಟಕಿಯಾಚೆ ನಿಜಾಮನ ಸೀಮೆಯ ಅದೇ ಕಪ್ಪು ನೆಲ. ಇವತ್ತು ಇದು ರಾಷ್ಟ್ರೀಯ ಹೆದ್ದಾರಿ 65. ಹೈದರಾಬಾದ್, ಹುಮನಾಬಾದ್, ಬಸವಕಲ್ಯಾಣದ ಪಕ್ಕ, ಸೊಲ್ಲಾಪುರ, ಪುಣೆ. ರಾತ್ರಿಯಿಡೀ ಲಾರಿಗಳು.

ಟೇಲರ್ ನಮ್ಮ ಕಡೆಯವರಿಗೆ ಹೊಸಬನಲ್ಲ. ನಿಜಾಮನ ಸೇವೆಯಲ್ಲಿದ್ದವನು, ಸುರಪುರದಲ್ಲಿ ವರ್ಷಗಟ್ಟಲೆ ಆಡಳಿತ ನಡೆಸಿದವನು. ಅಲ್ಲಿನ ಟೇಲರ್ ಮಂಜಿಲ್ ಈಗಲೂ ಜನ ನೋಡಲು ಹೋಗುವ ಬಂಗಲೆ. ಪುಸ್ತಕವೂ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಅಮೀರ್ ಅಲಿ ಎಂಬ ಠಗ್ಗ ಮಾಫಿ ಸಾಕ್ಷಿಯಾಗಿ ಒಬ್ಬ ಸಾಹೇಬನ ಮುಂದೆ ಕೂತು ತನ್ನ ಬದುಕಿನ ಕಥೆ ಹೇಳುತ್ತಾನೆ. ಚಿಕ್ಕಂದಿನಲ್ಲಿ ಅವನ ತಂದೆ ತಾಯಿಯನ್ನು ಕೊಂದ ಠಗ್ಗನೇ ಅವನನ್ನು ಸಾಕಿದ್ದು. ಮುಂದೆ ಗೊತ್ತಿಲ್ಲದೆ ಸ್ವಂತ ತಂಗಿಯನ್ನೇ ಕೊಂದಿರುತ್ತಾನೆ. 719 ಕೊಲೆಯ ಲೆಕ್ಕ ಕೊಡುತ್ತಾನೆ. ಹನ್ನೆರಡು ವರ್ಷ ಜೈಲಿನಲ್ಲಿ ಕಳೆಯದಿದ್ದರೆ ಸಾವಿರ ಆಗುತ್ತಿತ್ತು ಅಂತ ಹಳಹಳಿಸುತ್ತಾನೆ ಕೂಡ. ಓದುವಾಗ ಮೈ ಜುಂ ಅನ್ನುತ್ತೆ.

ಆದರೆ ಪುಸ್ತಕ ಮುಚ್ಚಿದ ಮೇಲೆ ನನಗೆ ಅಂಟಿಕೊಂಡದ್ದು ಅಮೀರ್ ಅಲಿ ಅಲ್ಲ. ಆ ಕೋಣೆಯಲ್ಲಿ ಇಲ್ಲದ ಒಬ್ಬ ಮನುಷ್ಯ. ಹೇಳುವವನು ಆರೋಪಿ, ಕೇಳುವವನು ಸಾಹೇಬ. ಸಾಹೇಬ ನಡುನಡುವೆ ಬಾಯಿ ಹಾಕುತ್ತಾನೆ, ಅಯ್ಯೋ ಎಂಥ ಕ್ರೂರಿ ಎಂದು ಬೆರಗಾಗುತ್ತಾನೆ. ಆದರೆ 719 ಅನ್ನೋದು ಎಲ್ಲಿಂದ ಬಂತಪ್ಪಾ, ಯಾವ ಊರು, ಯಾವ ತಾರೀಖು, ಹೆಣ ಎಲ್ಲಿ ಸಿಕ್ಕಿತು, ನೀನು ಜೀವ ಉಳಿಸಿಕೊಳ್ಳಲು ಹೆಸರು ಹೇಳಿದ ಮಿಕ್ಕವರ ಗತಿ ಏನು ಎಂದು ಪಾಟಿ ಸವಾಲು ಮಾಡುವವನು ಯಾರೂ ಇಲ್ಲ. ಕಾದಂಬರಿ ಇಡೀ ನಿಂತಿರೋದು ಒಂದು ತಪ್ಪೊಪ್ಪಿಗೆಯ ಮೇಲೆ. ಇದರಲ್ಲಿ ಹೆಚ್ಚಿನದು ನಿಜವೇ ಎಂದು ಟೇಲರ್ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಅಂದರೆ ಅವನು ಓದುಗನನ್ನೂ ಆ ಸಾಹೇಬನ ಕುರ್ಚಿಯಲ್ಲೇ ಕೂರಿಸುತ್ತಾನೆ.

ಇದು ಬರೀ ಕಥೆ ಹೇಳುವ ತಂತ್ರ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಪುಸ್ತಕ ಬರುವುದಕ್ಕೆ ಮೂರು ವರ್ಷ ಮೊದಲು, 1836ರಲ್ಲಿ, ಕಂಪನಿ ಸರ್ಕಾರ ಆ ವರ್ಷದ 30ನೇ ಕಾಯ್ದೆಯನ್ನು ತಂದಿತ್ತು. ಠಗ್ಗರ ಗುಂಪಿಗೆ ಸೇರಿದವನು ಎಂದು ಸಾಬೀತಾದರೆ ಸಾಕು, ಜೀವಾವಧಿ. ಯಾವ ಕೊಲೆ ಮಾಡಿದ ಎನ್ನುವುದಕ್ಕಿಂತ ಯಾರ ಜೊತೆಗಿದ್ದ ಎನ್ನುವುದು ಮುಖ್ಯ. ಜೊತೆಗಿದ್ದ ಎಂದು ಹೇಳುವವನು ಯಾರು? ಇನ್ನೊಬ್ಬ ಮಾಫಿ ಸಾಕ್ಷಿ. ಕಾಯ್ದೆಯೂ ಕಾದಂಬರಿಯೂ ಒಂದೇ ಮನೆಯ ಮಕ್ಕಳು.

ಬಸವಕಲ್ಯಾಣದಲ್ಲಿ ನನ್ನ ಕಾಕಾ ಒಬ್ಬರು ವಕೀಲರು. ಕ್ರಿಮಿನಲ್ ಕೇಸುಗಳೇ ಜಾಸ್ತಿ. ಅವರ ಮನೆಯ ಮುಂದಿನ ಕೋಣೆಯಲ್ಲಿ ಈ ಕಾದಂಬರಿಯ ವಿಷಯ ತೆಗೆದೆ. ಅವರು ಕೇಳಿಸಿಕೊಂಡು, ಮೇಜಿನ ಮೇಲಿದ್ದ ಒಂದು ಫೈಲನ್ನು ನನ್ನ ಕಡೆ ತಳ್ಳಿದರು. ಗಾಂಜಾ ಕೇಸು. ಹೆದ್ದಾರಿಯಲ್ಲಿ ಹಿಡಿದ ಲಾರಿ, ಸರಕಿನ ಕೆಳಗೆ ಪೊಟ್ಟಣಗಳು. ಒಳಗಿರೋದು ಡ್ರೈವರ್ ಮತ್ತು ಕ್ಲೀನರ್. ಮಾಲು ಯಾರದು, ತರಿಸಿದವನು ಯಾರು ಎಂಬ ಜಾಗ ಖಾಲಿ. ನಾವು ಪೇಪರಿನಲ್ಲಿ ‘ಅಂತರರಾಜ್ಯ ಜಾಲ ಪತ್ತೆ’ ಎಂದು ಓದುವ ಸುದ್ದಿ ವಕೀಲರ ಮೇಜಿಗೆ ಬರುವುದು ಬಹಳ ಸಲ ಹೀಗೇ.

“ಅವ್ರು ಮಾಡ್ಯಾರೋ ಇಲ್ಲೋ ನಿಮಗ ಗೊತ್ತಿರ್ತದಲ್ರೀ ಕಾಕಾ?” ಅಂದೆ. ಎಲ್ಲರೂ ಕೇಳುವ ಪ್ರಶ್ನೆ.

“ತಮ್ಮಾ, ನಾ ಗಾಂಜಾದ ಪರ ಅಲ್ಲ. ಪೊಲೀಸ್ರು ಕಾಗದದ ಮ್ಯಾಲ ಏನ್ ಬರದಾರ, ಅದು ಖರೇನೋ ಸುಳ್ಳೋ ಅಂತ ಕೇಳಾಂವ. ಅಷ್ಟs ನನ್ನ ಕೆಲಸ.”

ಆ ಕೆಲಸ ಎಂಥದ್ದು ಎಂದು ಅವತ್ತು ಸಂಜೆ ನೋಡಿದೆ. ತೂಕ ಮೊದಲು. ಗಾಂಜಾ 20 ಕೆ.ಜಿ. ದಾಟಿದರೆ ವಾಣಿಜ್ಯ ಪ್ರಮಾಣ. ಕನಿಷ್ಠ 10 ವರ್ಷ ಶಿಕ್ಷೆ. ಜಾಮೀನಿಗೂ ಕಲಂ 37ರ ಎರಡು ಷರತ್ತು ಅಡ್ಡ: ಇವನು ತಪ್ಪಿತಸ್ಥನಲ್ಲ ಎಂದು ನಂಬಲು ಸಕಾರಣ ಇರಬೇಕು, ಹೊರಗೆ ಬಂದರೆ ಮತ್ತೆ ಅಪರಾಧ ಮಾಡುವುದಿಲ್ಲ ಎಂದೂ ಕೋರ್ಟಿಗೆ ಅನ್ನಿಸಬೇಕು. ವಿಚಾರಣೆ ಶುರುವಾಗುವ ಮೊದಲೇ ಇದನ್ನು ಹೇಗೆ ತೋರಿಸೋದು? ಆಮೇಲೆ ಪಂಚನಾಮೆ. ಪಂಚರು ಆ ಹೊತ್ತಿಗೆ ನಿಜವಾಗಿ ಅಲ್ಲಿದ್ದರಾ, ಅಥವಾ ಠಾಣೆಯಲ್ಲಿ ಕೂತು ಸಹಿ ಹಾಕಿದರಾ? ತೂಕದ ಯಂತ್ರ ಎಲ್ಲಿಂದ ತಂದರು? ಮಾದರಿ ತೆಗೆದದ್ದು ಯಾರ ಎದುರು? ಸೀಲು ಹಾಕಿದ ಪೊಟ್ಟಣ ಪ್ರಯೋಗಾಲಯಕ್ಕೆ ಹೋಗುವ ತನಕ ಯಾರ ಕೈಯಲ್ಲಿತ್ತು? ಇವು ಟಿವಿಯಲ್ಲಿ ಬರುವಂಥ ಪ್ರಶ್ನೆಗಳಲ್ಲ. ಯಾರೂ ಮೇಜು ಗುದ್ದುವುದಿಲ್ಲ. ಒಂದು ಪುಟದಲ್ಲಿ ಸಂಜೆ ಆರು ಗಂಟೆ ಅಂತಿದೆ, ಇನ್ನೊಂದರಲ್ಲಿ ಎಂಟೂವರೆ ಅಂತಿದೆ. ವಕೀಲ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುತ್ತಾನೆ. ಅಷ್ಟೇ.

ಫೈಲಿನ ಕೊನೆಗೆ ಡ್ರೈವರನ ‘ಸ್ವಇಚ್ಛಾ ಹೇಳಿಕೆ’ ಇತ್ತು. ಓದಿದರೆ ಥೇಟ್ ಅಮೀರ್ ಅಲಿ. ಎಲ್ಲವನ್ನೂ ತಾನಾಗಿಯೇ, ಸರಾಗವಾಗಿ, ಶುದ್ಧ ಗ್ರಾಂಥಿಕ ಕನ್ನಡದಲ್ಲಿ ಒಪ್ಪಿಕೊಂಡಿದ್ದಾನೆ. ಮನೆಯಲ್ಲಿ ಮರಾಠಿ ಮಾತಾಡುವ ಮನುಷ್ಯ ಅವನು.

ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ ಎನ್ನುವ ನಿಯಮ 1872ರ ಸಾಕ್ಷ್ಯ ಅಧಿನಿಯಮದ ಕಲಂ 25ರಲ್ಲಿತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 23ರಲ್ಲಿದೆ. ಏಟು ಕೊಟ್ಟು ಬಾಯಿ ಬಿಡಿಸುತ್ತಾರೆ ಎಂಬುದು ಬ್ರಿಟಿಷರಿಗೂ ಗೊತ್ತಿತ್ತು. ಮಾದಕ ವಸ್ತು ಕಾಯ್ದೆಯ ಅಧಿಕಾರಿಗಳ ಮುಂದಿನ ತಪ್ಪೊಪ್ಪಿಗೆಗೂ ಇದೇ ತಡೆ ಎಂದು ಸುಪ್ರೀಂ ಕೋರ್ಟ್ ತೂಫಾನ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು 2020ರ ಅಕ್ಟೋಬರಿನಲ್ಲಿ. ಆದರೆ ‘ಸಂಘಟಿತ ಅಪರಾಧ’ ಎಂಬ ಪದ ಬಂದ ಕೂಡಲೇ ಕಾನೂನು ಬೇರೆ ದಾರಿ ಹಿಡಿಯುತ್ತದೆ. ನಮ್ಮ ರಾಜ್ಯದ ಕೋಕಾ ಕಾಯ್ದೆ, ಅಂದರೆ 2000ದ ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಅಧಿನಿಯಮ, ಮಹಾರಾಷ್ಟ್ರದ ಮೋಕಾದ ಅಚ್ಚಿನಲ್ಲಿ ಎರಕ ಹೊಯ್ದದ್ದು. ಅದರ ಕಲಂ 19ರ ಪ್ರಕಾರ ಎಸ್‌ಪಿ ಮತ್ತು ಅದಕ್ಕಿಂತ ಮೇಲಿನ ಅಧಿಕಾರಿ ದಾಖಲಿಸಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತದೆ. ಸಾಹೇಬನ ಕುರ್ಚಿ ಮರಳಿ ಬಂತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 111 ಇಡೀ ದೇಶಕ್ಕೇ ಸಂಘಟಿತ ಅಪರಾಧದ ವ್ಯಾಖ್ಯೆ ಕೊಟ್ಟಿದೆ. ತಪ್ಪೊಪ್ಪಿಗೆಯ ಆ ವಿನಾಯಿತಿ ಅದರಲ್ಲಿಲ್ಲ, ಒಳ್ಳೆಯದೇ ಆಯಿತು. ಆದರೆ ಕೂಟದ ಸದಸ್ಯನಾಗಿರುವುದೇ ಅಪರಾಧ ಎಂಬ 1836ರ ಎಳೆ ಅಲ್ಲೂ ಇದೆ.

ಇಲ್ಲಿಯವರೆಗೆ ಹೇಳೋದು ನನಗೆ ಸುಲಭ. ಕಷ್ಟದ ಜಾಗ ಮುಂದಿದೆ.

2017ರ ಸೆಪ್ಟೆಂಬರ್ 5ರ ರಾತ್ರಿ ಗೌರಿ ಲಂಕೇಶರನ್ನು ಅವರ ಮನೆ ಬಾಗಿಲಲ್ಲೇ ಕೊಂದರು. ಮರುದಿನ ಟೌನ್ ಹಾಲ್ ಹತ್ತಿರ ನಿಂತಿದ್ದವರಲ್ಲಿ ನಾನೂ ಒಬ್ಬ. ಆ ಪ್ರಕರಣದಲ್ಲಿ ವಿಶೇಷ ತನಿಖಾ ತಂಡ ಹಾಕಿದ್ದು ಇದೇ ಕೋಕಾ. ಚಾರ್ಜ್‌ಶೀಟು 9,000 ಪುಟ ಮೀರಿದ್ದು. 2021ರ ಏಪ್ರಿಲಿನಲ್ಲಿ ಹೈಕೋರ್ಟ್ ಒಬ್ಬ ಆರೋಪಿಯ ಮೇಲಿನ ಕೋಕಾ ಆರೋಪವನ್ನು ರದ್ದು ಮಾಡಿತು. ಗೌರಿಯವರ ತಂಗಿ ಕವಿತಾ ಲಂಕೇಶ್ ಸುಪ್ರೀಂ ಕೋರ್ಟಿಗೆ ಹೋದರು. ಅಕ್ಟೋಬರ್ 21ರಂದು ಆ ಆದೇಶ ಬಿತ್ತು, ಆರೋಪ ಮತ್ತೆ ನಿಂತಿತು. ನನಗೆ ಅವತ್ತು ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಕಾಯ್ದೆಯ ಯಾವ ಕಲಂ ಎಷ್ಟು ಬಿಗಿ ಅಂತ ನಾನು ಆಗ ನೋಡಿರಲಿಲ್ಲ. ನನಗೆ ಬೇಕಾದ ಕಡೆ ಬಿಗಿಯಾಗಿದ್ದರೆ ಸಾಕಾಗಿತ್ತು.

ಈಗ ಯೋಚಿಸಿದರೆ, ಆ ಆರೋಪಿಗಳಿಗೂ ವಕೀಲರಿದ್ದಾರೆ, ಅವರು ಪುಟ ಪುಟ ಜಗ್ಗಿ ನೋಡುತ್ತಿದ್ದಾರೆ ಅನ್ನೋದು ಗೌರಿಯ ಪರ ಇರುವವರಿಗೇ ಬೇಕಾದದ್ದು. ಪಾಟಿ ಸವಾಲನ್ನು ತಡೆದುಕೊಂಡ ಸಾಕ್ಷಿಯ ಮಾತು ಮೇಲ್ಮನವಿಯಲ್ಲೂ ನಿಲ್ಲುತ್ತದೆ. ಯಾರೂ ಪ್ರಶ್ನಿಸದ ಸಾಕ್ಷಿ ಅಮೀರ್ ಅಲಿಯ 719ರ ಹಾಗೆ: ಕೇಳಲು ರೋಚಕ, ನಂಬಲು ಆಧಾರವಿಲ್ಲ. ಹಾಗಿದ್ದೂ ನಮ್ಮಲ್ಲಿ ಆಗಾಗ ವಕೀಲರ ಸಂಘಗಳೇ ‘ಇಂಥವರ ಪರ ಯಾರೂ ವಕಾಲತ್ತು ಹಾಕಬಾರದು’ ಎಂದು ಠರಾವು ಮಾಡುತ್ತವೆ. ಇಂಥ ಠರಾವುಗಳಿಗೆ ಬೆಲೆಯಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದ ಮೇಲೂ, 2020ರಲ್ಲಿ ಹುಬ್ಬಳ್ಳಿಯಲ್ಲಿ ಒಂದಾಯಿತು; ಹೈಕೋರ್ಟ್ ಗದರಿಸಬೇಕಾಯಿತು.

ನಮ್ಮ ಕಥೆಗಳೂ ಇದಕ್ಕೆ ನೀರೆರೆದಿವೆ. ಕನ್ನಡದ ಭೂಗತ ಲೋಕದ ಸಿನಿಮಾ ಅಂದರೆ ‘ಓಂ’, ಆಮೇಲೆ ‘ಆ ದಿನಗಳು’. ಎರಡನೆಯದು ಅಗ್ನಿ ಶ್ರೀಧರ್ ಅವರ ಆತ್ಮಕಥನದಿಂದ ಬಂದದ್ದು. ನನಗೆ ಎರಡೂ ಇಷ್ಟ. ಆದರೆ ಅವೂ ಒಳಗಿದ್ದವನ ಕಣ್ಣಿನಿಂದ ಕಂಡ ಲೋಕಗಳೇ, ಟೇಲರ್ ಹಾಕಿಕೊಟ್ಟ ಚೌಕಟ್ಟಿಗೆ ಹತ್ತಿರದವು. ಕೋರ್ಟಿನ ಆ ನಿಧಾನದ, ಬೇಸರ ಹಿಡಿಸುವ ಕೆಲಸವನ್ನು ತೋರಿಸಿದ್ದು ನಾನು ನೋಡಿದ್ದರಲ್ಲಿ ಹನ್ಸಲ್ ಮೆಹ್ತಾ ಅವರ ‘ಶಾಹಿದ್’ (2013). ಇಕ್ಕಟ್ಟಾದ ಕೋಣೆ, ಸಣ್ಣ ದನಿಯ ಜಗಳ. ಅದು ಮುಂಬೈಯ ವಕೀಲ ಶಾಹಿದ್ ಆಜ್ಮಿಯ ಕಥೆ. 2010ರ ಫೆಬ್ರುವರಿಯಲ್ಲಿ ಅವರನ್ನು ಅವರ ಆಫೀಸಿನಲ್ಲೇ ಗುಂಡಿಕ್ಕಿ ಕೊಂದರು.

ಕಾಕಾ ಊಟಕ್ಕೆ ಏಳುವ ಮೊದಲು ಒಂದು ಮಾತು ಹೇಳಿದರು. ಇದೇ ಕಲ್ಯಾಣದಲ್ಲಿ, ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲಕ್ಕೆ, ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಆಸ್ತಿ ಪಾಲಿನ ವಿಷಯಕ್ಕೆ ಅದರ ಹೆಸರು ಇವತ್ತೂ ಕೋರ್ಟಿನಲ್ಲಿ ಕೇಳುತ್ತದೆ. ಆ ಪರಂಪರೆಯಲ್ಲಿ ವ್ಯವಹಾರಕ್ಕೆ, ಅಂದರೆ ನ್ಯಾಯವಿಚಾರಣೆಗೆ, ನಾಲ್ಕು ಕಾಲು: ದೂರು, ಉತ್ತರ, ಪ್ರಮಾಣ, ತೀರ್ಪು. ಜಾತಿಗೊಂದು ಶಿಕ್ಷೆ ಹೇಳುವ ಸ್ಮೃತಿಯನ್ನು ನಾನು ಹೊಗಳಲಾರೆ. ಅಂಥ ಶ್ರೇಣಿಗೆ ಎದುರು ನಿಂತ ಶರಣರ ಊರು ಕೂಡ ಇದೇ. ಆಶ್ಚರ್ಯ ಅಂದರೆ ಅಲ್ಲೂ ಒಂದು ಅವಸರವಿದೆ. ಬೇರೆ ವ್ಯಾಜ್ಯಗಳಲ್ಲಿ ಉತ್ತರ ಕೊಡಲು ಸಮಯ ಕೊಡಬಹುದು, ಸಾಹಸ ಮತ್ತು ಕಳ್ಳತನದಂಥ ಆರೋಪಗಳಲ್ಲಿ ಮಾತ್ರ ತಕ್ಷಣ ಉತ್ತರಿಸಬೇಕು. ಘೋರ ಅಪರಾಧ ಎಂದ ಕೂಡಲೇ ಆರೋಪಿಯ ಸಮಯ ಕಡಿಮೆಯಾಗುವುದು ಹಳೇ ರೂಢಿ. ಹಾಗಿದ್ದರೂ ಉತ್ತರದ ಕಾಲನ್ನು ಅವರು ಕತ್ತರಿಸಲಿಲ್ಲ.

ಟೇಲರನ ಕಾದಂಬರಿಯಲ್ಲಿ ಆ ಕಾಲಿಲ್ಲ. ಅದಕ್ಕೇ ಅದು ಅಷ್ಟು ಜೋರಾಗಿ ಓಡುತ್ತದೆ ಅನ್ನಿಸುತ್ತೆ. ಖಂಡಿತ ಓದಿ. ಓದುವಾಗ ಪ್ರತಿ ಅಧ್ಯಾಯದ ಕೊನೆಗೆ ‘ಇದನ್ನು ನೀನು ಯಾರ ಮುಂದೆ ಹೇಳಿದೆ, ಯಾಕೆ ಹೇಳಿದೆ?’ ಎಂದು ಒಂದೊಂದು ಪ್ರಶ್ನೆ ಬರೆದಿಟ್ಟುಕೊಳ್ಳಿ.

ಆ ಲಾರಿ ಡ್ರೈವರನ ಜಾಮೀನು ಅರ್ಜಿ ಬೀದರಿನಲ್ಲಿ ವಜಾ ಆಯಿತಂತೆ. ಕಾಕಾ ಈಗ ಕಲಬುರಗಿ ಪೀಠಕ್ಕೆ ಹೋಗಲು ಕಾಗದ ಜೋಡಿಸುತ್ತಿದ್ದಾರೆ. ಆರು ಗಂಟೆ, ಎಂಟೂವರೆಯ ಆ ಎರಡು ಪುಟಗಳೂ ಅದರಲ್ಲಿವೆ.