ಬಣ್ಣದ ಮೇಲಣ ಬೆಳಕು

ತೊಗರಿಯ ರಾಶಿಯ ದಿನಗಳಲ್ಲಿ, ಎರೆಹೊಲಗಳ ನಡುವೆ ಹಾದು ಮಾದನಹಿಪ್ಪರಗಾಕ್ಕೆ ಬಂದು ನಿಂತ ಕಾರಿನ ಮೈಮೇಲಣ ಧೂಳನ್ನು ಒಣಬಟ್ಟೆಯಿಂದ ಒರಸುವ ಕೈಯೇ ಆ ಬಣ್ಣಕ್ಕೆ ಮೊದಲ ಶತ್ರುವೆಂಬುದನ್ನು, ಕಾರಿಗೆ ಹೊಳಪು ಕೊಡುವ ಕಲೆಗೆ ಹೊಸದಾಗಿ ಕೈಯಿಕ್ಕಿದವನು ಎಲ್ಲಕ್ಕಿಂತ ಮುಂಚೆ ಅರಿಯತಕ್ಕದ್ದು. ಬಣ್ಣವನ್ನು ಕಾಯುವ ಪಾರದರ್ಶಕ ಲೇಪವಾದ ಕ್ಲಿಯರ್ ಕೋಟಿನ ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನು, ಬಹುಮಟ್ಟಿಗೆ ತಲೆಗೂದಲಿಗಿಂತಲೂ ತೆಳು. ಪಾಲಿಷ್ ಎಂಬುದು ಗೀರಿನ ಸುತ್ತಣ ಲೇಪವನ್ನೇ ಸೂಕ್ಷ್ಮವಾಗಿ ಸವೆಸಿ ಸಮತಲಗೊಳಿಸುವ ಕ್ರಿಯೆಯಾದುದರಿಂದ, ಪ್ರತಿಯೊಂದು ಉಜ್ಜುವಿಕೆಯೂ ಮರಳಿ ಬಾರದ ವ್ಯಯವೇ ಸರಿ.

ಧಾರಾಳವಾದ ನೀರಿನಿಂದ ತೊಳೆದು, ಅಂಟಿದ ಕಲ್ಮಷವನ್ನು ಕ್ಲೇ ಉಂಡೆಯಿಂದ ಕಳೆದು, ನೆರಳಿನಲ್ಲಿ ತಗಡು ತಣಿದ ಮೇಲೆ, ಅತಿ ಮೃದುವಾದ ಪಾಲಿಷನ್ನು ಅಂಗೈಯಗಲದ ಜಾಗದಲ್ಲಿ ಮೊದಲು ಪರೀಕ್ಷಿಸುವವನ ಸಂಯಮವನ್ನು ಕಂಡಾಗ ನನಗೆ ಬೀದರಿನ ಬಿದರಿ ಕುಶಲಿಗಳು ನೆನಪಾಗುತ್ತಾರೆ. ಕೋಟೆಯ ಮಣ್ಣು ಹಾಗೂ ನವಸಾಗರದ ದ್ರಾವಣದಲ್ಲಿ ಸತುವಿನ ಪಾತ್ರೆ ಕಪ್ಪಾದ ಬಳಿಕ, ಎಣ್ಣೆಯಿಂದ ತೀಡಿ ಆ ಕಪ್ಪಿಗೆ ಗಾಢತೆ ತರುವ ಅವರದೂ ಇಂಥದೇ ಸಂಯಮ.

ಕಡೆಯದು ರಕ್ಷಾಲೇಪ. ಬ್ರೆಜಿಲಿನ ಈಶಾನ್ಯದ ಬಿಸಿಲಿನಲ್ಲಿ ಕಾರ್ನೌಬಾ ತಾಳೆಯ ಎಲೆಗಳು ತಮ್ಮ ತೇವವನ್ನು ಕಾಯ್ದುಕೊಳ್ಳಲು ಹೊದ್ದ ಮೇಣವು ಇಲ್ಲಿಯ ಕಾರಿಗೂ ಹೊಳಪಾಗುವುದೆಂಬುದು ಎಷ್ಟು ಮನೋಹರ! ಆದರೂ ಕಲಬುರಗಿ ಸೀಮೆಯ ಬೇಸಗೆಗೆ, ಮೇಣಕ್ಕಿಂತ ಹೆಚ್ಚು ಕಾಲ ಬಾಳುವ ಪಾಲಿಮರ್ ಸೀಲಂಟನ್ನೇ ನಾನು ಮೆಚ್ಚುವೆನು. ಅದನ್ನು ತೆಳುವಾಗಿ ಹಚ್ಚಿ, ಡಬ್ಬದ ಮೇಲೆ ಬರೆದಷ್ಟು ಹೊತ್ತು ನೀರು ಸೋಕಗೊಡದೆ ಕಾದವನು, ಮೃಗಶಿರದ ಮೊದಲ ಹನಿಗಳು ಬಾನೆಟ್ಟಿನ ಮೇಲೆ ಮುತ್ತಾಗಿ ನಿಂತು ಉರುಳುವುದನ್ನು ನೋಡುತ್ತ ತೋಳುಗಳ ನೋವನ್ನೆಲ್ಲ ಮರೆಯುವನು.