ಹಳೆಯ ಗಿಟಾರ್, ಸುಳ್ಳು ಜಾಹೀರಾತು

ಆನ್‌ಲೈನ್‌ನಲ್ಲಿ ಕಾಣುವ ವಿಂಟೇಜ್ ಗಿಟಾರ್ ಜಾಹೀರಾತುಗಳಲ್ಲಿ ಮೋಸ ನಾಲ್ಕು ಬಗೆಯದು. ಮೊದಲನೆಯದರಲ್ಲಿ ಗಿಟಾರೇ ಇರುವುದಿಲ್ಲ. ಬೇರೆಯವರ ಫೋಟೊ ತೋರಿಸಿ, ಹಣ ಪಡೆದು ಮಾರುವವನು ಮಾಯವಾಗುತ್ತಾನೆ. ಎರಡನೆಯದರಲ್ಲಿ ಗಿಟಾರ್ ಇರುತ್ತದೆ, ಹೆಡ್‌ಸ್ಟಾಕ್ (ತಂತಿ ಬಿಗಿಸುವ ತಲೆಭಾಗ) ಮೇಲಿನ ಹೆಸರು ಸುಳ್ಳು. ಮೂರನೆಯದರಲ್ಲಿ ಹೆಸರು ನಿಜ, ಆದರೆ ಹೇಳಿದ ವರ್ಷ ಸುಳ್ಳು, ಇಲ್ಲವೇ ಬಿಡಿಭಾಗಗಳು ಬದಲಾಗಿರುವುದನ್ನು ಮುಚ್ಚಿಟ್ಟಿರುತ್ತಾರೆ. ನಾಲ್ಕನೆಯದು ಕದ್ದ ಮಾಲು. ಒಂದೊಂದನ್ನೂ ಗುರುತಿಸುವ ದಾರಿ ಬೇರೆ.

ಈ ಮೋಸಗಳೆಲ್ಲ ಬೆಳೆದಿರುವುದು ಬೆಲೆಯ ಆಸರೆಯಲ್ಲಿ. ಅಮೆರಿಕದ ಗಿಬ್ಸನ್ ಕಂಪನಿ 1958ರಿಂದ 1960ರವರೆಗೆ ಮಾಡಿದ ಸನ್‌ಬರ್ಸ್ಟ್ ಬಣ್ಣದ ಲೆಸ್ ಪಾಲ್ ಗಿಟಾರುಗಳು ಸುಮಾರು 1,500 ಮಾತ್ರ. ಆಗ ಗಿರಾಕಿಗಳು ಸಾಲದೆ ನಿಂತುಹೋದ ಆ ಮಾದರಿ ಈಗ ಲಕ್ಷಗಟ್ಟಲೆ ಡಾಲರಿಗೆ ಕೈ ಬದಲಾಗುತ್ತದೆ. ಫೆಂಡರ್ ಕಂಪನಿ 1965ರ ಜನವರಿಯಲ್ಲಿ ಸಿಬಿಎಸ್ ಸಂಸ್ಥೆಯ ಪಾಲಾಯಿತು. ಅದಕ್ಕೂ ಮುಂಚಿನ, ‘ಪ್ರೀ-ಸಿಬಿಎಸ್’ ಎಂದು ಹೆಸರಾದ ಸ್ಟ್ರಾಟೋಕಾಸ್ಟರ್ ಮಾದರಿಗೂ ನಂತರದ ವರ್ಷಗಳದ್ದಕ್ಕೂ ಬೆಲೆಯಲ್ಲಿ ದೊಡ್ಡ ಅಂತರವಿದೆ. ತಯಾರಾದ ವರ್ಷ, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ನ ತಳದ ಒಂದು ಸ್ಟಿಕರ್, ಮರದ ಜಾತಿ: ಇಷ್ಟರಿಂದಲೇ ಬೆಲೆ ಮೇಲೆ ಕೆಳಗಾಗುತ್ತದೆ. ಸುಳ್ಳಿಗೆ ಲಾಭವಿರುವುದು ಇಲ್ಲಿ.

ಕೊಳ್ಳುವವರ ಕೈಯಲ್ಲೂ ಒಂದು ಬಲವಿದೆ. ಹಳೆಯ ಗಿಟಾರ್ ತನ್ನ ಕಾಲದ ಗುರುತನ್ನು ಒಂದೇ ಕಡೆ ಇಟ್ಟುಕೊಂಡಿರುವುದಿಲ್ಲ. ನೆಕ್‌ನ ಬುಡ, ವೈರಿಂಗ್, ಬೆಸುಗೆ, ಲ್ಯಾಕರ್, ಮರ ಎಲ್ಲವೂ ಅದನ್ನು ಹೇಳುತ್ತವೆ. ಜಮೀನು ಕೊಳ್ಳುವವರು ಪಹಣಿ, ಮ್ಯುಟೇಶನ್, ಋಣಭಾರ ಪತ್ರಗಳನ್ನು ಒಂದಕ್ಕೊಂದು ತಾಳೆ ನೋಡುವ ಹಾಗೆ ಇವನ್ನೂ ತಾಳೆ ನೋಡಬೇಕು. ಒಂದು ಗುರುತನ್ನು ನಕಲು ಮಾಡುವುದು ಸುಲಭ. ಎಲ್ಲವನ್ನೂ ಒಟ್ಟಿಗೆ ಹೊಂದಿಸುವುದು ಬಹಳ ಕಷ್ಟ. ಆದ್ದರಿಂದಲೇ ಮೋಸದ ಜಾಹೀರಾತು ಹೊರಮೈಯನ್ನು ಚೆನ್ನಾಗಿ ತೋರಿಸಿ ಒಳಭಾಗವನ್ನು ಬಿಟ್ಟುಬಿಡುತ್ತದೆ. ಫೋಟೊಗಳಲ್ಲಿ ಯಾವ ಭಾಗ ಕಾಣುತ್ತಿಲ್ಲ ಎಂಬುದೇ ಮೊದಲ ಸುಳಿವು.

ಇಲ್ಲದ ಗಿಟಾರನ್ನು ಮಾರುವವರು ಮೊದಲು ಬೆಲೆಯಿಂದ ಸೆಳೆಯುತ್ತಾರೆ. ನಿಜವಾದ ಮಾರುಕಟ್ಟೆ ಬೆಲೆ ತಿಳಿಯಲು ಕೇಳುತ್ತಿರುವ ಬೆಲೆಗಳನ್ನು ನೋಡಿದರೆ ಸಾಲದು, ಮಾರಾಟವಾಗಿ ಮುಗಿದ ಬೆಲೆಗಳನ್ನು ನೋಡಬೇಕು. ಇಬೇ, ರಿವರ್ಬ್‌ನಂಥ ತಾಣಗಳಲ್ಲಿ ಅವು ಸಿಗುತ್ತವೆ. ಪಳಗಿದ ವಂಚಕ ಕಾಲು ಬೆಲೆ ಹೇಳುವುದಿಲ್ಲ. ಸ್ವಲ್ಪ ಇಳಿಸಿ, ಇಳಿಸಿದ್ದಕ್ಕೊಂದು ಕಥೆ ಕಟ್ಟುತ್ತಾನೆ. ಅಮೆರಿಕದ ಜಾಹೀರಾತುಗಳಲ್ಲಿ ತೀರಿಕೊಂಡ ಗಂಡನ ಗಿಟಾರ್ ಮಾರುವ ಹೆಂಡತಿ ಮತ್ತೆ ಮತ್ತೆ ಬರುತ್ತಾಳೆ; ಭಾರತದಲ್ಲಿ ವರ್ಗಾವಣೆಯಾದ ಸೈನಿಕನೆಂದು ಹೇಳಿಕೊಂಡು ಗುರುತಿನ ಚೀಟಿಯ ಫೋಟೊ ಕಳಿಸುವುದು ಹಳೆಯ ತಂತ್ರ. ಕಥೆಯ ಜೊತೆಗೆ ಅವಸರವೂ ಇರುತ್ತದೆ: ಇನ್ನೊಬ್ಬರು ಸಂಜೆಗೆ ಬರುತ್ತಾರೆ, ಮುಂಗಡ ಈಗಲೇ ಹಾಕಬೇಕು.

ಫೋಟೊಗಳ ಪರೀಕ್ಷೆ ಇದಕ್ಕೆ ಮದ್ದು. ಪ್ರತಿ ಫೋಟೊವನ್ನೂ ಗೂಗಲ್ ಲೆನ್ಸ್ ಅಥವಾ ಟಿನ್‌ಐನಲ್ಲಿ ಹಾಕಿ ಹುಡುಕಿದರೆ ಅದು ಹಿಂದೆ ಯಾವ ಅಂಗಡಿಯ ಪುಟದಲ್ಲಿತ್ತು ಎಂಬುದು ಅನೇಕ ಸಲ ಹೊರಬರುತ್ತದೆ. ಹುಡುಕಾಟಕ್ಕೆ ಸಿಗದಿರಲಿ ಎಂದು ಫೋಟೊವನ್ನು ಎಡಬಲ ತಿರುಗಿಸಿ ಹಾಕುವವರೂ ಇದ್ದಾರೆ. ಆಗ ಬಲಗೈಯವರ ಗಿಟಾರ್ ಎಡಗೈಯವರದ್ದಾಗಿ ಕಾಣುತ್ತದೆ. ಹಿನ್ನೆಲೆಯನ್ನೂ ಗಮನಿಸಬೇಕು. ಒಂದು ಫೋಟೊದಲ್ಲಿ ಮರದ ನೆಲ, ಇನ್ನೊಂದರಲ್ಲಿ ಕಾರ್ಪೆಟ್, ಮತ್ತೊಂದರಲ್ಲಿ ಅಂಗಡಿಯ ಗೋಡೆ ಇದ್ದರೆ ಚಿತ್ರಗಳು ಬೇರೆ ಬೇರೆ ಕಡೆಯಿಂದ ಬಂದಿರಬಹುದು. ಬೆಂಗಳೂರಿನಲ್ಲಿದೆ ಎನ್ನುವ ಗಿಟಾರಿನ ಹಿಂದಿನ ಗೋಡೆಯಲ್ಲಿ ಚಪ್ಪಟೆ ಪಿನ್ನಿನ ಅಮೆರಿಕನ್ ಸಾಕೆಟ್ ಕಂಡರೆ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಮರದ ಎಳೆ, ಗಂಟು, ಬಣ್ಣ ಎದ್ದ ಜಾಗ ಎರಡು ಗಿಟಾರುಗಳಲ್ಲಿ ಒಂದೇ ಥರ ಇರುವುದಿಲ್ಲ. ಕೆನಡಾದ ಸಂಗೀತಗಾರ ರ್‍ಯಾಂಡಿ ಬ್ಯಾಕ್‌ಮನ್ ಅವರ 1957ರ ಗ್ರೆಚ್ ಗಿಟಾರ್ 1976ರಲ್ಲಿ ಟೊರಾಂಟೊದಲ್ಲಿ ಕಳುವಾಗಿತ್ತು. ಅವರ ಅಭಿಮಾನಿಯೊಬ್ಬರು ಮರದ ಮೇಲಿನ ಒಂದು ಗುರುತನ್ನು ಹಿಡಿದು ಇಂಟರ್ನೆಟ್ಟಿನ ಚಿತ್ರಗಳೊಂದಿಗೆ ಹೋಲಿಸುತ್ತಾ ಹೋಗಿ, 2020ರಲ್ಲಿ ಅದನ್ನು ಜಪಾನಿನ ಸಂಗೀತಗಾರರೊಬ್ಬರ ಕೈಯಲ್ಲಿ ಪತ್ತೆಮಾಡಿದರು. ಆ ಜಪಾನಿ ಸಂಗೀತಗಾರರು ಅದನ್ನು ಟೋಕಿಯೊದಲ್ಲಿ, ಕದ್ದದ್ದೆಂದು ತಿಳಿಯದೆ, ಕೊಂಡಿದ್ದರು. 2022ರ ಜುಲೈ 1ರಂದು ಅದು ಮೂಲ ಒಡೆಯರಿಗೆ ಮರಳಿತು. ಜಾಹೀರಾತಿನ ಗಿಟಾರ್ ಮೊದಲೇ ಬೇರೆಡೆ ಮಾರಾಟವಾದದ್ದೇ ಎಂದು ತಿಳಿಯುವುದಕ್ಕೂ ಈ ಹೋಲಿಕೆಯೇ ಸಾಕು.

ಗಿಟಾರ್ ನಿಜಕ್ಕೂ ಮಾರುವವರ ಬಳಿ ಇದೆಯೇ ಎಂದು ಖಚಿತಪಡಿಸಿಕೊಳ್ಳಲು, ಕೊಳ್ಳುವವರ ಹೆಸರು ಮತ್ತು ಆ ದಿನದ ತಾರೀಕು ಬರೆದ ಚೀಟಿಯನ್ನು ತಂತಿಗಳಿಗೆ ಸಿಕ್ಕಿಸಿ ಫೋಟೊ ಕೇಳುವುದು ರೂಢಿ. ಚೀಟಿಯನ್ನು ಕಂಪ್ಯೂಟರಿನಲ್ಲಿ ಸೇರಿಸುವುದು ಈಗ ಸುಲಭವಾದ್ದರಿಂದ ವಿಡಿಯೊ ಕರೆ ಇನ್ನೂ ಉತ್ತಮ. ಗಿಟಾರನ್ನು ಸುತ್ತ ತಿರುಗಿಸಲು, ಸೀರಿಯಲ್ ನಂಬರ್ ಹತ್ತಿರ ಕ್ಯಾಮೆರಾ ತರಲು, ಒಂದು ತಂತಿಯನ್ನು ಸಡಿಲಿಸಲು ಹೇಳಬಹುದು. ಇದಕ್ಕೆ ಸಿಡುಕುವವರ ಜೊತೆ ವ್ಯವಹಾರ ಬೇಡ. ಮಾರುವವರ ಖಾತೆಯ ಹಿಂದಿನ ಮಾರಾಟಗಳನ್ನೂ ಓದಬೇಕು. ವರ್ಷಗಟ್ಟಲೆ ಶೂ, ಮೊಬೈಲ್ ಕವರ್ ಮಾರಿ ಒಳ್ಳೆಯ ಹೆಸರಿದ್ದ ಖಾತೆಯಲ್ಲಿ ಇದ್ದಕ್ಕಿದ್ದಂತೆ ದುಬಾರಿ ಗಿಟಾರುಗಳು ಬಂದಿದ್ದರೆ ಅದು ಬೇರೊಬ್ಬರ ವಶವಾದ ಖಾತೆಯಾಗಿರಬಹುದು.

ಎರಡನೆಯ ಬಗೆ, ಹೆಸರಿನ ನಕಲು. ಇದರಲ್ಲಿ ಹೆಚ್ಚು ಸಿಗುವುದು ಚೀನಾದಿಂದ ಬರುವ ನಕಲಿ ಗಿಬ್ಸನ್. ಗಿಟಾರ್ ಬಲ್ಲವರು ಇದನ್ನು ‘ಚಿಬ್ಸನ್’ ಎನ್ನುತ್ತಾರೆ. ಇದರ ಗುಟ್ಟು ರಟ್ಟಾಗುವುದು ಹೆಡ್‌ಸ್ಟಾಕ್‌ನಲ್ಲಿ. ಅಲ್ಲಿರುವ ಗಂಟೆಯಾಕಾರದ ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸುವ ಸರಳು) ಮುಚ್ಚಳಕ್ಕೆ ಅಸಲಿ ಗಿಬ್ಸನ್‌ನಲ್ಲಿ ಎರಡು ಸ್ಕ್ರೂ, ನಕಲಿಯಲ್ಲಿ ಅನೇಕ ಸಲ ಮೂರು. ಮುಚ್ಚಳ ತೆಗೆದರೆ ಅಸಲಿಯಲ್ಲಿ ಹಿತ್ತಾಳೆಯ ಆರು ಮೂಲೆಯ ನಟ್ ಕಾಣುತ್ತದೆ. ನಕಲಿಯಲ್ಲಿ ಆಲನ್ ಕೀ ಹೋಗುವ ತೂತು ಇರುತ್ತದೆ. ಹಳೆಯ ಲೆಸ್ ಪಾಲ್‌ನ ಬ್ರಿಜ್ ತೆಳ್ಳನೆಯ ಕಂಬಿಗಳ ಮೇಲೆ ನಿಂತಿರುತ್ತದೆ, ಕಂಬಿಗಳು ನೇರ ಮರಕ್ಕೇ ಇಳಿದಿರುತ್ತವೆ. ನಕಲಿಯಲ್ಲಿ ಸ್ಕ್ರೂಡ್ರೈವರ್ ಗೆರೆಯುಳ್ಳ ದಪ್ಪ ಕಂಬಗಳಿರುತ್ತವೆ. ನೆಕ್ ಮತ್ತು ಹೆಡ್‌ಸ್ಟಾಕ್ ಸೇರುವಲ್ಲಿ ಓರೆಯಾಗಿ ಅಂಟಿಸಿದ ಜೋಡಣೆಯ ಗೆರೆ ಕಂಡರೂ ಅನುಮಾನಿಸಬೇಕು. ಹಳೆಯ ಗಿಬ್ಸನ್‌ನ ನೆಕ್ ಹೆಡ್‌ಸ್ಟಾಕ್‌ವರೆಗೆ ಒಂದೇ ಮರದಲ್ಲಿ ಸಾಗುತ್ತದೆ, ಅಗಲಕ್ಕಾಗಿ ಅಂಚುಗಳಲ್ಲಷ್ಟೇ ಚಿಕ್ಕ ತುಂಡುಗಳು ಸೇರುತ್ತವೆ.

ಮೂರನೆಯ ಬಗೆಯೇ ಅತ್ಯಂತ ಸೂಕ್ಷ್ಮ. ಇಲ್ಲಿ ಎಲ್ಲರೂ ಮೊದಲು ನಂಬುವುದು ಸೀರಿಯಲ್ ನಂಬರನ್ನು, ಆದರೆ ಅದನ್ನೊಂದನ್ನೇ ನೆಚ್ಚುವಂತಿಲ್ಲ. ಫೆಂಡರ್‌ನಲ್ಲಿ 1970ರ ದಶಕದ ಮಧ್ಯದವರೆಗೂ ನಂಬರ್ ಇರುತ್ತಿದ್ದುದು ಸಾಮಾನ್ಯವಾಗಿ ನೆಕ್‌ನ ಹಿಂದಿನ ಲೋಹದ ಪ್ಲೇಟಿನ ಮೇಲೆ. ನಾಲ್ಕು ಸ್ಕ್ರೂ ಬಿಚ್ಚಿದರೆ ಅದು ಬೇರೆ ಗಿಟಾರಿಗೆ ಹೋಗುತ್ತದೆ. 1982ರಿಂದ ಫೆಂಡರ್ ತಾನೇ 1957 ಮತ್ತು 1962ರ ಮಾದರಿಗಳನ್ನು ಮರುತಯಾರಿಸಿತು. ಅವುಗಳ ಪ್ಲೇಟಿನ ನಂಬರ್ ‘ವಿ’ ಅಕ್ಷರದಿಂದ ಶುರುವಾಗುತ್ತದೆ. ಆ ಪ್ಲೇಟನ್ನು ಬದಲಿಸಿ ಹಳೆಯದೆಂದು ಮಾರುವುದು ಕಷ್ಟವಲ್ಲ.

ಆದ್ದರಿಂದ ನೆಕ್ ಕಳಚಿ ಅದರ ಬುಡವನ್ನು ತೋರಿಸಲು ಕೇಳಬೇಕು. ಸುಮಾರು 1962ರವರೆಗೆ ಅಲ್ಲಿ ಪೆನ್ಸಿಲ್‌ನಲ್ಲಿ ತಿಂಗಳು, ವರ್ಷ ಬರೆಯುತ್ತಿದ್ದರು, ನಂತರ ಮುದ್ರೆ ಬಂತು. ‘2 ಡಿಸೆಂಬರ್ 65 ಬಿ’ ಎಂಬ ಮುದ್ರೆಯಲ್ಲಿ 2 ಎಂದರೆ ತಾರೀಕಲ್ಲ, ಸ್ಟ್ರಾಟೋಕಾಸ್ಟರ್‌ನ ಸಂಕೇತ. ‘ಬಿ’ ನೆಕ್‌ನ ಅಗಲವನ್ನು ಹೇಳುತ್ತದೆ. ಬುಡದ ತಾರೀಕು ಹೊರಗಿನ ಲಕ್ಷಣಗಳಿಗೆ ಹೊಂದಬೇಕು. 1959ಕ್ಕೆ ಮುಂಚಿನ ಸ್ಟ್ರಾಟೋಕಾಸ್ಟರ್‌ಗಳ ನೆಕ್ ಇಡಿಯಾಗಿ ಮೇಪಲ್ ಮರದ್ದು. ರೋಸ್‌ವುಡ್ ಫ್ರೆಟ್‌ಬೋರ್ಡ್ ಮತ್ತು ಹನ್ನೊಂದು ಸ್ಕ್ರೂಗಳ ಪಿಕ್‌ಗಾರ್ಡ್ 1959ರಲ್ಲಿ ಬಂದವು. ಆ ರೋಸ್‌ವುಡ್ 1962ರ ಮಧ್ಯದವರೆಗೆ ದಪ್ಪ ಹಲಗೆ, ಆಮೇಲೆ ತೆಳುವಾದ ಪದರ. ಹೆಡ್‌ಸ್ಟಾಕ್ ದೊಡ್ಡದಾದದ್ದು 1965ರ ಕೊನೆಗೆ. 1957ರದ್ದೆಂದು ಹೇಳುವ ಗಿಟಾರಿನಲ್ಲಿ ರೋಸ್‌ವುಡ್ ಕಂಡರೆ ಮಾರುವವರು ಅದಕ್ಕೆ ವಿವರಣೆ ಕೊಡಬೇಕು.

ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿರುವ ಪಾಟ್‌ಗಳ ಬೆನ್ನಿನ ಅಂಕಿಗಳು ಇನ್ನೊಂದು ಸಾಕ್ಷಿ. ಮೊದಲ ಮೂರು ಅಂಕಿ ಪಾಟ್ ತಯಾರಿಸಿದ ಕಂಪನಿಯ ಸಂಕೇತ: 137 ಎಂದರೆ ಸಿಟಿಎಸ್, 304 ಎಂದರೆ ಸ್ಟ್ಯಾಕ್‌ಪೋಲ್. ಮುಂದಿನವು ವರ್ಷ ಮತ್ತು ವಾರ. 3046320 ಎಂದಿದ್ದರೆ 1963ರ ಇಪ್ಪತ್ತನೇ ವಾರ. ಗಿಟಾರಿಗಿಂತ ಪಾಟ್ ಹಳೆಯದಾಗಿರಬಹುದು: ಫೆಂಡರ್ 1966ರಲ್ಲಿ ರಾಶಿಗಟ್ಟಲೆ ಪಾಟ್ ಕೊಂಡಿದ್ದರಿಂದ 1969ರ ಗಿಟಾರುಗಳಲ್ಲೂ 1966ರ ಪಾಟ್‌ಗಳು ಸಿಗುತ್ತವೆ. ಗಿಟಾರಿಗಿಂತ ಪಾಟ್ ಹೊಸದಾಗಿದ್ದರೆ ಅದು ಬದಲಾಗಿದೆ ಎಂದೇ ಅರ್ಥ. ಬೆಸುಗೆ ಮತ್ತೆ ಕಾಯಿಸಿದಂತೆ ಹೊಳೆಯುತ್ತಿದೆಯೇ, ಬಟ್ಟೆ ಹೊದಿಕೆಯ ಹಳೆಯ ವೈರ್ ಇದೆಯೇ ಎಂಬುದನ್ನೂ ಅದೇ ಫೋಟೊದಲ್ಲಿ ನೋಡಬಹುದು.

ಗಿಬ್ಸನ್‌ನ ಲೆಕ್ಕ ಬೇರೆ. 1953ರಿಂದ 1961ರ ಆರಂಭದವರೆಗಿನ ಲೆಸ್ ಪಾಲ್‌ಗಳಲ್ಲಿ ನಂಬರ್ ಶಾಯಿಯದು. ಮೊದಲ ಅಂಕಿ ವರ್ಷದ ಕೊನೆಯ ಅಂಕಿ. 1960ರ ದಶಕದಲ್ಲಿ ಮರಕ್ಕೆ ಒತ್ತಿದ ನಂಬರುಗಳನ್ನು ಕಂಪನಿ ಮತ್ತೆ ಮತ್ತೆ ಬಳಸಿದ್ದರಿಂದ ಅವುಗಳಿಂದಷ್ಟೇ ವರ್ಷ ಹೇಳಲಾಗದು. ತಂತಿಗಳು ಕೂರುವ ನಟ್‌ನ ಅಗಲ 1965ರಲ್ಲಿ ಕಿರಿದಾಯಿತು ಎನ್ನುವಂಥ ಲಕ್ಷಣಗಳು ಬೇಕು. 1970ರ ಸುಮಾರಿಗೆ ಹೆಡ್‌ಸ್ಟಾಕ್ ಹಿಂದೆ ‘ಮೇಡ್ ಇನ್ ಯುಎಸ್ಎ’ ಎಂಬ ಒತ್ತುಮುದ್ರೆ ಬಂತು. 1968ರ ಗಿಟಾರಿನಲ್ಲಿ ಅದು ಇರಬಾರದು. 1977ರಿಂದ ಎಂಟು ಅಂಕಿ: ಮೊದಲನೆಯದೂ ಐದನೆಯದೂ ವರ್ಷ, ನಡುವಿನ ಮೂರು ವರ್ಷದ ಎಷ್ಟನೇ ದಿನ ಎಂಬುದು. 82765501 ಎಂದರೆ 1985ರ 276ನೇ ದಿನ. 1957ರಿಂದ 1962ರವರೆಗಿನ ಹಂಬಕರ್ ಪಿಕಪ್‌ಗಳ ತಳದಲ್ಲಿ ‘ಪೇಟೆಂಟ್ ಅಪ್ಲೈಡ್ ಫಾರ್’ ಎಂಬ ಸ್ಟಿಕರ್ ಇರುತ್ತದೆ. ಅದೇ ಸ್ಟಿಕರ್ ಬಿಡಿಯಾಗಿಯೂ ಮಾರಾಟವಾಗುತ್ತದೆ. ಸ್ಟಿಕರ್ ಮಾತ್ರ ತೋರಿಸಿ ಪಿಕಪ್‌ನ ಬೆಸುಗೆ, ವೈರ್ ತೋರಿಸದಿದ್ದರೆ ನಂಬಬಾರದು.

ಮಾರ್ಟಿನ್ ಅಕೂಸ್ಟಿಕ್ ಗಿಟಾರುಗಳಲ್ಲಿ 1898ರಿಂದಲೂ ಸೀರಿಯಲ್ ನಂಬರ್ ಸಾಲಾಗಿ ಬಂದಿದೆ. ಆಯಾ ವರ್ಷದ ಕೊನೆಯ ನಂಬರಿನ ಪಟ್ಟಿಯನ್ನು ಕಂಪನಿಯೇ ಪ್ರಕಟಿಸಿದೆ. ಸೌಂಡ್‌ಹೋಲ್ ಒಳಗೆ ಕ್ಯಾಮೆರಾ ಹಿಡಿದರೆ ನೆಕ್ ಬ್ಲಾಕ್ ಮೇಲೆ ಅದು ಕಾಣುತ್ತದೆ. ಇಲ್ಲಿ ಸುಳ್ಳು ಹೆಚ್ಚಾಗಿ ಮರದ ಬಗ್ಗೆ. ಡಿ-28ರಂಥ ಮಾದರಿಗಳ ಹಿಂಬದಿ ಮತ್ತು ಪಕ್ಕಗಳಿಗೆ ಬಳಸುತ್ತಿದ್ದ ಬ್ರೆಜಿಲ್‌ನ ರೋಸ್‌ವುಡ್‌ನಿಂದ ಮಾರ್ಟಿನ್ 1969ರಲ್ಲಿ ಭಾರತದ ರೋಸ್‌ವುಡ್‌ಗೆ ಬದಲಾಯಿತು. ಅದು ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆ. ಹಾಗಾಗಿ 1972ರ ಸಾಮಾನ್ಯ ಡಿ-28ಕ್ಕೆ ಬ್ರೆಜಿಲ್ ಮರವೆಂದು ಹೆಚ್ಚು ಬೆಲೆ ಕೇಳಿದರೆ ಒಪ್ಪಬಾರದು. ಬೀಟೆಯ ಗಿಟಾರ್ ಕಡಿಮೆ ದರ್ಜೆಯದಲ್ಲ. ಮರದ ಹೆಸರು ನಿಜವಿರಬೇಕು, ಅಷ್ಟೆ. ಬ್ರೆಜಿಲ್ ರೋಸ್‌ವುಡ್ 1992ರಿಂದ, ಅಳಿವಿನಂಚಿನ ಜೀವಿ-ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ಅದರಿಂದ ಮಾಡಿದ ಹಳೆಯ ಗಿಟಾರನ್ನೂ ಪ್ರಮಾಣಪತ್ರವಿಲ್ಲದೆ ದೇಶದಿಂದ ದೇಶಕ್ಕೆ ಮಾರಿ ಕಳಿಸುವಂತಿಲ್ಲ. ಕಾಗದ ಬೇಡ, ಹಾಗೇ ಕಳಿಸುತ್ತೇವೆ ಎನ್ನುವವರು ಕೊಳ್ಳುವವರನ್ನು ಕಸ್ಟಮ್ಸ್‌ನಲ್ಲಿ ಸಿಕ್ಕಿಸುತ್ತಾರೆ.

ಬಣ್ಣ ಮತ್ತು ರಿಪೇರಿಯನ್ನು ಮುಚ್ಚಿಡುವುದೂ ಈ ಬಗೆಗೇ ಸೇರಿದ್ದು. ಮತ್ತೆ ಬಣ್ಣ ಹೊಡೆದ ಅಥವಾ ಹೆಡ್‌ಸ್ಟಾಕ್ ಮುರಿದು ಅಂಟಿಸಿದ ಗಿಟಾರಿನ ಬೆಲೆ ಸಾಮಾನ್ಯವಾಗಿ ಅರ್ಧದಷ್ಟಕ್ಕೆ ಇಳಿಯುತ್ತದೆ. 1952ರಿಂದ 1957ರವರೆಗಿನ ಚಿನ್ನದ ಬಣ್ಣದ ಲೆಸ್ ಪಾಲ್‌ಗಳನ್ನು ಕೆರೆದು ಸನ್‌ಬರ್ಸ್ಟ್ ಮಾಡಿರುವುದೂ ಉಂಟು. ಹಾಗೆಂದು ಹೇಳಿ ಮಾರಿದರೆ ತಪ್ಪಿಲ್ಲ. ಕತ್ತಲಲ್ಲಿ ನೇರಳಾತೀತ ದೀಪ ಹಿಡಿದು ತೆಗೆದ ಫೋಟೊ ಕೇಳಿದರೆ ಬಹಳಷ್ಟು ತಿಳಿಯುತ್ತದೆ: ಹಳೆಯ ನೈಟ್ರೊ ಲ್ಯಾಕರ್ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ, ಹೊಸದಾಗಿ ಬಳಿದ ಜಾಗ ಮಂಕಾಗಿ ಉಳಿಯುತ್ತದೆ.

ನಾಲ್ಕನೆಯ ಬಗೆಯದಾದ ಕದ್ದ ಗಿಟಾರ್ ಮೇಲಿನ ಪರೀಕ್ಷೆಗಳಲ್ಲೆಲ್ಲ ಪಾಸಾಗುತ್ತದೆ. ಅದಕ್ಕೇ ಅದರ ಹಿಂದಿನ ಒಡೆಯರು ಯಾರು, ರಸೀದಿ ಇದೆಯೇ, ಹಳೆಯ ಫೋಟೊಗಳಿವೆಯೇ ಎಂದು ಕೇಳಬೇಕು. ಸೀರಿಯಲ್ ನಂಬರನ್ನು ಹುಡುಕಿ ಕಳವಿನ ಪ್ರಕಟಣೆ ಇದೆಯೇ ನೋಡಬೇಕು. ನಂಬರನ್ನು ಉಜ್ಜಿ ಅಳಿಸಿದ್ದರೆ ಅಥವಾ ಕೇಳಿದರೂ ತೋರಿಸದಿದ್ದರೆ ಬಿಟ್ಟುಬಿಡಬೇಕು. ಒಳ್ಳೆಯ ನಂಬಿಕೆಯಿಂದ ಕೊಂಡವರೂ ಕದ್ದ ಮಾಲನ್ನು ಒಡೆಯರಿಗೆ ಹಿಂದಿರುಗಿಸಬೇಕಾಗುತ್ತದೆ.

ಕೊನೆಯ ಕಾವಲು ಹಣ ಕೊಡುವ ರೀತಿ. ತಾಣದ ಮೂಲಕವೇ ಹಣ ಕಟ್ಟಿದರೆ ಅದರ ರಕ್ಷಣೆ ಸಿಗುತ್ತದೆ; ವಾಟ್ಸ್‌ಆ್ಯಪ್‌ಗೆ ಬನ್ನಿ, ಕಮಿಷನ್ ಉಳಿಯುತ್ತದೆ ಎನ್ನುವವರು ಆ ರಕ್ಷಣೆಯಿಂದ ಹೊರಗೆ ಕರೆಯುತ್ತಿರುತ್ತಾರೆ. ಪೇಪಾಲ್‌ನಲ್ಲಿ ‘ಫ್ರೆಂಡ್ಸ್ ಆ್ಯಂಡ್ ಫ್ಯಾಮಿಲಿ’ ಎಂದು ಕಳಿಸಿದ ಹಣಕ್ಕೆ ಖರೀದಿ ರಕ್ಷಣೆ ಇಲ್ಲ. ಬ್ಯಾಂಕ್ ವರ್ಗಾವಣೆ, ಗಿಫ್ಟ್ ಕಾರ್ಡ್, ಮಾರುವವರೇ ಸೂಚಿಸುವ ‘ಎಸ್ಕ್ರೊ’ (ಹಣವನ್ನು ಮಧ್ಯಸ್ಥವಾಗಿ ಇಟ್ಟುಕೊಳ್ಳುವ) ತಾಣ ಇವೆಲ್ಲ ಬೇಡ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಮುಂಗಡ ವಾಪಸ್ ಕೊಡುತ್ತೇವೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರೆ ಅದು ಎರಡನೇ ಸುಲಿಗೆ. ಅಮೆರಿಕದಲ್ಲಿರುವ ನೆಂಟರ ವಿಳಾಸಕ್ಕೆ ತರಿಸಿಕೊಳ್ಳುವ ಕನ್ನಡಿಗರು, ವಾಪಸ್ ಮಾಡುವ ಗಡುವು ಮುಗಿಯುವುದರೊಳಗೆ ಅಲ್ಲೇ ಒಬ್ಬ ಗಿಟಾರ್ ರಿಪೇರಿಗಾರರಿಂದ ತೆರೆಸಿ ನೋಡಿಸಬೇಕು. ಪೆಟ್ಟಿಗೆ ಬಿಚ್ಚುವುದನ್ನು ಪೂರ್ತಿ ವಿಡಿಯೊ ಮಾಡಿಟ್ಟುಕೊಂಡರೆ ವಿವಾದದಲ್ಲಿ ಅದೇ ಪುರಾವೆ. ಭಾರತದಲ್ಲಿ ಹಣ ಕಳೆದುಕೊಂಡವರು ಜಾಹೀರಾತು, ಮಾತುಕತೆ, ಪಾವತಿಯ ಸ್ಕ್ರೀನ್‌ಶಾಟ್ ಉಳಿಸಿಕೊಂಡು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ದೂರು ಬೇಗ ತಲುಪಿದಷ್ಟೂ ಹಣವನ್ನು ವಂಚಕರ ಖಾತೆಯಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು.